ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಅಸಲಿಗೆ ಎಷ್ಟು ಗಂಟೆ?

ಕಾಫಿಪುಡಿ:
ಅಮ್ಮ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ಗೆ, ಅಕ್ಕನ ಮನೆಗೆ ಹೊರಟಿದ್ದಾರೆ. ಮೊದಲ ಸಲ ವಿಮಾನ, ಮೇಲೆ ಮಂಡಿನೋವು ಬೇರೆ. ನೆಟ್‌ನಲ್ಲಿ ದೂರ ಸುಮಾರು 14,000 ಕಿ.ಮೀ., 16 ಗಂಟೆ ಅಂತಿದೆ. ಟಿಕೆಟ್ ನೋಡಿದರೆ 22, 25, ಒಂದರಲ್ಲಂತೂ 31 ಗಂಟೆ! ಇನ್ನೊಂದರಲ್ಲಿ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2ಕ್ಕೆ ಇಳಿಯುವುದಂತೆ. ಅಂದ್ರೆ ಹತ್ತೇ ಗಂಟೆನಾ? ಯಾವುದನ್ನು ನಂಬಲಿ?

ಲೆಕ್ಕದ ಮೇಷ್ಟ್ರು:
ಆ 14,000 ಅನ್ನುವುದು ಗ್ಲೋಬ್ ಮೇಲೆ ಎರಡು ಊರಿಗೂ ದಾರ ಬಿಗಿಯಾಗಿ ಹಿಡಿದರೆ ಬರುವ ದೂರ. ದಾರ ಹಿಡಿದು ನೋಡಿ, ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಹೋಗುತ್ತದೆ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿ 16 ಗಂಟೆ ತೋರಿಸುತ್ತಾರೆ ಅಷ್ಟೇ. ನಿಮ್ಮ ಟಿಕೆಟ್ ದುಬೈ ಮೇಲಿದ್ದರೆ ದೂರವೇ 15,700 ಆಗುತ್ತದೆ, ಜೊತೆಗೆ ಅಲ್ಲಿ ಕಾಯುವ ಹೊತ್ತು. ಇನ್ನು 4ಕ್ಕೆ ಹೊರಟು 2ಕ್ಕೆ ಇಳಿಯುವುದು, ಎರಡೂ ಆಯಾ ಊರಿನ ಗಡಿಯಾರ. ಅಕ್ಟೋಬರ್‌ನಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. 10ಕ್ಕೆ 12.5 ಸೇರಿಸಿ, ಇಪ್ಪತ್ತೆರಡೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 13.5 ಸೇರಿಸಬೇಕು.

ಬೇ ಏರಿಯಾ ಭಾವ:
ಗಾಳಿಯನ್ನು ಮರೆತಿರಿ ಮೇಷ್ಟ್ರೇ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹಾಂಗ್‌ಕಾಂಗ್‌ನಿಂದ ಇಲ್ಲಿಗೆ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊಗೆ, 12–13 ಗಂಟೆ, ಇಲ್ಲಿಂದ ಅಲ್ಲಿಗೆ ಅದೇ ದೂರಕ್ಕೆ 14–15. ಇನ್ನು ಆ ಸೈಬೀರಿಯಾ ದಾರಿ 2022ರಿಂದ ಅಮೆರಿಕದ ವಿಮಾನಗಳಿಗೆ ಬಂದ್, ಸುತ್ತಿಕೊಂಡೇ ಹೋಗಬೇಕು.

ಸುಮ್ನೆ ಬಂದೆ:
ಗಂಟೆ ಕಡಿಮೆ ಇದೆ ಅಂತ ಟಿಕೆಟ್ ತೆಗೆಯಬೇಡಿ. ದುಬೈ ದಾರಿ ಅಂದ್ರೆ 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಮಂಡಿನೋವಿದ್ದವರಿಗೆ ಅದು ಕಷ್ಟ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಹತ್ತು, ಹನ್ನೊಂದು ಗಂಟೆಯ ಎರಡು ತುಂಡು, ನಡುವೆ ಕಾಲು ಚಾಚಬಹುದು. ಒಟ್ಟು ಹೊತ್ತು ಜಾಸ್ತಿ ಆದರೂ ನನ್ನ ವೋಟು ಅದಕ್ಕೇ.

ಬೇ ಏರಿಯಾ ಭಾವ:
ಒಪ್ಪಲ್ಲ. ಮೊದಲ ಸಲ ಹೋಗುವವರಿಗೆ ಕೂರುವುದಕ್ಕಿಂತ ಗೇಟು ಹುಡುಕುವುದೇ ದೊಡ್ಡ ತಲೆನೋವು. ಎಲ್ಲಿ ಇಳಿದು ಹತ್ತಿದರೂ ಮೂರು ಗಂಟೆ ಬಿಡುವಿರಲಿ, ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹಾಕಿಸಿ. ನ್ಯೂಯಾರ್ಕ್ ಮೇಲೆ ಹೋಗುವುದು ಮಾತ್ರ ಬೇಡವೇ ಬೇಡ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್, ಅಲ್ಲೇ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಕೊಡಬೇಕು. ಒಬ್ಬರೇ ಇರುವ ಅಮ್ಮನಿಗೆ ಯಾಕೆ ಬೇಕು ಹೇಳಿ?

ಕಾಫಿಪುಡಿ:
ಸರಿ, ನ್ಯೂಯಾರ್ಕ್ ಕೈಬಿಟ್ಟೆ. ವಾಪಸ್ ಟಿಕೆಟ್‌ನಲ್ಲಿ ಶನಿವಾರ ಹೊರಟು ಸೋಮವಾರ ಬರುವುದು ಅಂತಿದೆ, ಅದೂ ಗಡಿಯಾರದ ಆಟವೇನಾ?

ಲೆಕ್ಕದ ಮೇಷ್ಟ್ರು:
ಹೌದು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಬರೀ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ತಂದದ್ದು, ಅಲ್ಲಿ ಜನವರಿ 9ರ ರಾತ್ರಿ ಹೊರಟು ಇಲ್ಲಿ 11ರ ಬೆಳಗಿನ ಜಾವ ಇಳಿಯಿತು. ಹಾರಿದ್ದು 17 ಗಂಟೆ ಚಿಲ್ಲರೆ ಮಾತ್ರ. ಕರೆತರಲು ದೇವನಹಳ್ಳಿಗೆ ಹೋಗುವವರಿಗೆ ತಾರೀಖು ಸರಿಯಾಗಿ ಹೇಳಿಬಿಡಿ.