ಅಪ್‌ಡೇಟ್: ಗೇಟ್ ತರಂಗದ ಕಂಪನ ಬಹುಪಾಲು ಪ್ರೋಬಿನದೇ

ಹಾಫ್ ಬ್ರಿಡ್ಜ್‌ನ (ಒಂದರ ಮೇಲೊಂದು ಜೋಡಿಸಿದ ಎರಡು ಸ್ವಿಚ್‌ಗಳ ಸರ್ಕ್ಯೂಟ್) ಮೇಲಿನ ಮಾಸ್ಫೆಟ್‌ನ, ಅಂದರೆ ಸ್ವಿಚ್ ಆಗಿ ದುಡಿಯುವ ಟ್ರಾನ್ಸಿಸ್ಟರ್‌ನ, ಗೇಟ್-ಸೋರ್ಸ್ ವೋಲ್ಟೇಜನ್ನು (ಅದನ್ನು ಆನ್-ಆಫ್ ಮಾಡುವ ವೋಲ್ಟೇಜ್) ಹೈ-ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬಿನಲ್ಲಿ (ಎರಡು ಬಿಂದುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಅಳೆಯುವ ಸಾಧನ) ನೋಡಿದರೆ ಪ್ರತಿ ಸ್ವಿಚಿಂಗ್ ಅಂಚಿನಲ್ಲೂ ವಿಪರೀತ ಕಂಪನ ಏಕೆ ಎಂದು ಕೇಳಿದ್ದೆ.

ಪ್ರೋಬಿನ ಎರಡೂ ತುದಿಗಳನ್ನು ಸೋರ್ಸ್‌ಗೇ ಜೋಡಿಸಿ ನೋಡಿ ಎಂದವರಿಗೆ ದೊಡ್ಡ ನಮಸ್ಕಾರ. ಎರಡೂ ತುದಿ ಒಂದೇ ಬಿಂದುವಿನಲ್ಲಿರುವುದರಿಂದ ಸೊನ್ನೆಯ ಗೆರೆ ಬರಬೇಕಾದಲ್ಲಿ ಹೆಚ್ಚುಕಡಿಮೆ ಅದೇ ಕಂಪನ ಬಂದಿತು! ಲೀಡ್‌ಗಳನ್ನು ಒಂದಕ್ಕೊಂದು ಹೊಸೆದು, ಲೋಹದ ಚಾಸಿಯಿಂದ ದೂರವಿಟ್ಟ ಮೇಲೆ ಸಾಕಷ್ಟು ತಗ್ಗಿತು. ಬ್ಯಾಂಡ್‌ವಿಡ್ತ್ ಅನ್ನು (ಅಳತೆಗೆ ಸಿಗುವ ಆವರ್ತನಗಳ ಮಿತಿ) 20 ಮೆಗಾಹರ್ಟ್ಸ್‌ಗೆ ಇಳಿಸುವ ಸಲಹೆ ಮಾತ್ರ ಕೆಲಸಕ್ಕೆ ಬರಲಿಲ್ಲ. ನಿಜವಾದ ಅಂಚೂ ಮೊಂಡಾಯಿತು.

ಅಚ್ಚರಿಯೆಂದರೆ, ಡೇಟಾಶೀಟ್ ಮೆರೆಸುವ 80 ಡೆಸಿಬೆಲ್ ಕಾಮನ್-ಮೋಡ್ ರಿಜೆಕ್ಷನ್ (ಎರಡೂ ತುದಿಗಳಲ್ಲಿ ಸಮನಾಗಿರುವ ವೋಲ್ಟೇಜನ್ನು ಪ್ರೋಬು ತಳ್ಳಿಹಾಕುವ ಸಾಮರ್ಥ್ಯ) ಬರೀ 50 ಹರ್ಟ್ಸ್‌ನದು. ಮೆಗಾಹರ್ಟ್ಸ್‌ಗಳಲ್ಲಿ ಅದು ಕುಸಿಯುತ್ತದೆ. 40 ಡೆಸಿಬೆಲ್ ಉಳಿದರೂ, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ನುಸುಳಿದರೂ, 400 ವೋಲ್ಟ್ ಜಿಗಿತಕ್ಕೆ 4 ವೋಲ್ಟ್ ಸುಳ್ಳು ಸಿಗ್ನಲ್! ಇನ್ನೂ ನಿಖರತೆ ಬೇಕಿದ್ದರೆ ಸಿಗ್ನಲನ್ನು ಬೆಳಕಿನ ಮೂಲಕ ಸಾಗಿಸುವ ಆಪ್ಟಿಕಲ್ ಐಸೊಲೇಷನ್ ಪ್ರೋಬೇ ಗತಿ. ಕಂಪನ ತಗ್ಗಿಸಲು ಗೇಟ್ ರೆಸಿಸ್ಟರ್ ಬದಲಿಸುವ ಯೋಚನೆಯನ್ನಂತೂ ಸದ್ಯಕ್ಕೆ ಕೈಬಿಟ್ಟಿದ್ದೇನೆ.