‘ಐಚ್ಛಿಕ ಅಡಿಬರಹ’: ಇಚ್ಛೆ ಯಾರದು?

ಬಳಗದವರಿಗೆಲ್ಲ ಹಾಸನದಿಂದ ನಮಸ್ಕಾರ.

ಹೊಯ್ಸಳ ದೇವಾಲಯಗಳ ಬಗ್ಗೆ ಇಲ್ಲಿ ಕೆಲವರು ಸೇರಿ ಸ್ಲೈಡ್ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಪಕ್ಕದಲ್ಲಿ ನಿಂತು ವಿವರಿಸುವವರು ಯಾರೂ ಇರುವುದಿಲ್ಲ. ಸ್ಲೈಡ್‌ಗಳು ತಾವಾಗಿಯೇ ಸರಿಯುತ್ತವೆ, ಮುಗಿದೊಡನೆ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಜೊತೆಗೆ ಮುದ್ರಿಸಿಟ್ಟ ಧ್ವನಿ ವಿವರಣೆ. ಆ ಮಾತನ್ನು ಓದಬೇಕೆನ್ನುವವರು ಗುಂಡಿಯೊತ್ತಿದರೆ ಅಕ್ಷರಗಳು ಕೆಳಗೆ ಮೂಡಬೇಕು, ಬೇಡವಾದರೆ ಮರೆಯಾಗಬೇಕು. ಇದರ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಸ್ಲೈಡ್’ ಬಗ್ಗೆ ನನಗೆ ತಕರಾರಿಲ್ಲ, ಅದು ಹಾಗೆಯೇ ಇರಲಿ. ತೊಡಕಿರುವುದು ‘ಆಪ್ಷನಲ್ ಕ್ಯಾಪ್ಷನ್’ ಎಂಬ ಜೋಡಿಯನ್ನು ಕನ್ನಡಕ್ಕೆ ತರುವುದರಲ್ಲಿ.

ಮೊದಲು ಕ್ಯಾಪ್ಷನ್. ‘ಶೀರ್ಷಿಕೆ’ ಎಂದರೆ ತಲೆಯ ಮೇಲಿನದು; ನಮ್ಮದು ಕಾಲಬುಡದಲ್ಲಿ ಬರುತ್ತದೆ. ‘ಚಿತ್ರಶೀರ್ಷಿಕೆ’ ಎಂದರಂತೂ ಅರ್ಧ ಜನ ಸಿನಿಮಾದ ಹೆಸರೆಂದುಕೊಳ್ಳುತ್ತಾರೆ. ‘ಅಡಿಬರಹ’ ನನಗೆ ಇಷ್ಟ. ಆದರೆ ಪತ್ರಿಕೆಗಳ ಸಿನಿಮಾ ಪುಟ ಅದನ್ನು ಆಗಲೇ ಕೈವಶ ಮಾಡಿಕೊಂಡಿದೆ: ಹೊಸ ಚಿತ್ರದ ಹೆಸರಿನ ಕೆಳಗೆ ಹಾಕುವ ಆಕರ್ಷಕ ಸಾಲನ್ನು ಅಲ್ಲಿ ಅಡಿಬರಹ ಎನ್ನುತ್ತಾರೆ. ಆದರೂ ನನ್ನ ಮತ ಇದಕ್ಕೇ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಹೆಸರು, ಬಿರುದುಗಳನ್ನು ಕೆತ್ತಿಟ್ಟಿದ್ದಾರಲ್ಲ, ಅವುಗಳಿಗಿಂತ ಒಳ್ಳೆಯ ಅಡಿಬರಹ ಎಲ್ಲಿದೆ?

‘ಉಪಶೀರ್ಷಿಕೆ’ಯನ್ನು ಸಬ್‌ಟೈಟಲ್‌ಗೆ ಬಿಡಬೇಕು. ಸಬ್‌ಟೈಟಲ್ ಎಂದಾಗ ನೋಡುವವರಿಗೆ ಕಿವಿ ಕೇಳುತ್ತದೆ, ಭಾಷೆ ಮಾತ್ರ ಬಾರದು ಎಂಬ ಎಣಿಕೆ ಇರುತ್ತದೆ. ಕ್ಯಾಪ್ಷನ್ ಕಿವಿ ಕೇಳದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಾತಿನ ಜೊತೆಗೆ ‘ಗಂಟೆಯ ಸದ್ದು’, ‘ನಾಗಸ್ವರ’ ಎಂದೂ ಅದು ಬರೆಯಬೇಕು.

ಇನ್ನು ‘ಐಚ್ಛಿಕ’. ನಿಜವಾದ ಜಗಳ ಇಲ್ಲಿದೆ. ಅರ್ಜಿ ನಮೂನೆಯಲ್ಲಿ ‘ಐಚ್ಛಿಕ’ ಎಂದಿದ್ದರೆ ತುಂಬುವವರು ಆ ಜಾಗವನ್ನು ಖಾಲಿ ಬಿಡಬಹುದು. ಪದವಿಯಲ್ಲಿ ಐಚ್ಛಿಕ ಕನ್ನಡ ಎಂದರೆ ಆರಿಸಿಕೊಳ್ಳುವುದು ವಿದ್ಯಾರ್ಥಿ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಪರೀಕ್ಷೆ ತಪ್ಪದು! ಕೈಪಿಡಿಯ ಕರಡಿನಲ್ಲಿ ‘ಅಡಿಬರಹ ಐಚ್ಛಿಕ’ ಎಂದು ಓದಿದ ಗೆಳೆಯರೊಬ್ಬರು, ಹಾಗಾದರೆ ಬರೆಯದಿದ್ದರೂ ನಡೆಯುತ್ತದೆ ಎಂದು ಅರ್ಥಮಾಡಿಕೊಂಡರು. ವಿಷಯ ಪೂರಾ ತಿರುವುಮುರುವು. ಸಿದ್ಧಪಡಿಸುವವರಿಗೆ ಇದು ಕಡ್ಡಾಯ, ನೋಡುವವರಿಗೆ ಮಾತ್ರ ಆಯ್ಕೆ. ವೆಬ್ ಪುಟಗಳು ಅಂಗವಿಕಲರಿಗೂ ನಿಲುಕುವಂತಿರಬೇಕೆಂದು ರೂಪಿಸಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯೂ ಮೊದಲೇ ಮುದ್ರಿಸಿದ ದೃಶ್ಯ-ಧ್ವನಿಗೆ ಕ್ಯಾಪ್ಷನ್ ಕೊಡುವುದನ್ನು ‘ಎ’ ಎಂಬ ಪ್ರಾಥಮಿಕ ಹಂತದಲ್ಲೇ ಇಟ್ಟಿದೆ.

ನೋಡುವವರು ಬೇಕೆಂದಾಗ ಮಾತ್ರ ಕಾಣುವ ಇಂಥ ಅಕ್ಷರಗಳಿಗೆ ಇಂಗ್ಲಿಷಿನವರು ಹೇಳುವ ‘ಕ್ಲೋಸ್ಡ್ ಕ್ಯಾಪ್ಷನ್’ ನಮಗೆ ನೆರವಾಗದು. 1980ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಅದು ಶುರುವಾದಾಗ ಅಕ್ಷರಗಳು ಪ್ರಸಾರದ ಸಂಕೇತದೊಳಗೆ ಅಡಗಿರುತ್ತಿದ್ದವು, ಅವನ್ನು ಬಿಡಿಸಿ ತೋರಿಸುವ ಡಿಕೋಡರ್ ಪೆಟ್ಟಿಗೆ ಇದ್ದವರಿಗೆ ಮಾತ್ರ ಕಾಣುತ್ತಿದ್ದವು. ಆ ಸಂದರ್ಭ ಗೊತ್ತಿಲ್ಲದವರಿಗೆ ‘ಮುಚ್ಚಿದ ಅಡಿಬರಹ’ ಎಂದರೆ ಏನೋ ಗುಟ್ಟಿನ ಪತ್ರವೆನಿಸೀತು.

ಸದ್ಯಕ್ಕೆ ಕೈಪಿಡಿಯಲ್ಲಿ ‘ಬೇಕೆಂದಾಗ ಕಾಣುವ ಅಡಿಬರಹ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ಬೇಕೆನ್ನುವವರು ನೋಡುಗರು ಎಂಬುದು ‘ಕಾಣುವ’ದಿಂದ ತಿಳಿಯುತ್ತದೆ. ಗುಂಡಿಗೆ ಇಷ್ಟುದ್ದ ಹಿಡಿಸದು. ತಾನಾಗಿ ಓಡುವ ಪ್ರದರ್ಶನದಲ್ಲಿ ಸ್ಲೈಡ್ ಸರಿದುಹೋಗುವ ಮೊದಲೇ ಓದಿ ಒತ್ತಬೇಕಲ್ಲ. ಅಲ್ಲಿಗೆ ‘ಅಕ್ಷರ ತೋರಿಸು’, ‘ಅಕ್ಷರ ಮರೆಸು’ ಎಂದು ಯೋಚಿಸಿದ್ದೇನೆ. ‘ಮರೆಸು’ ಎಂದರೆ ನೆನಪಿನಿಂದ ಅಳಿಸು ಎಂದೂ ಆಗುವುದರಿಂದ ಅಷ್ಟು ಧೈರ್ಯವಿಲ್ಲ.

‘ಮರೆಮಾಡು’, ‘ಅಡಗಿಸು’, ‘ತೆಗೆ’: ನಿಮ್ಮ ಕಡೆ ಮೊಬೈಲ್, ಟಿ.ವಿ.ಗಳ ವಿಷಯದಲ್ಲಿ ಜನ ಯಾವುದನ್ನು ಆಡುತ್ತಾರೆ? ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಫೋಟೊ ಕೆಳಗಿನ ಸಾಲಿಗೆ ಕ್ಯಾಪ್ಷನ್ ಎಂಬುದನ್ನು ಬಿಟ್ಟು ಬೇರೆ ಹೆಸರು ಬಳಸಿದ್ದುಂಟೆ? ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಉತ್ತರ ಸಿಕ್ಕರೆ ಉಪಕಾರ.