ಕಟ್‌ಔಟ್ ಅನಿಮೇಷನ್: ಬೆಳಕು ಮಿಣುಕುತ್ತಿದೆ, ದನಿ ಹೊಂದುತ್ತಿಲ್ಲ, ಗೊಂಬೆ ಸುರುಳುತ್ತಿದೆ. ದಯವಿಟ್ಟು ಸಹಾಯ ಮಾಡಿ

ಚಿತ್ತಾರ ತಂಡ

ನಮಸ್ಕಾರ. ನಾವು ಶಿವಮೊಗ್ಗದ ಕಾಲೇಜೊಂದರ ಐದು ಜನ. ಗುಂಪು ಪ್ರಾಜೆಕ್ಟಿಗೆ ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡುತ್ತಿದ್ದೇವೆ. ಕಥೆ ಸಣ್ಣದು: ಮದುವೆ ದಿಬ್ಬಣವೊಂದು ಮಳೆಗಾಲದ ಹೊಳೆ ದಾಟುವುದು. ಸಾಗರ ಸೀಮೆಯ ದೀವರ ಮನೆಗಳ ಗೋಡೆಯ ಮೇಲಿನ ಹಸೆ ಚಿತ್ತಾರ ನೋಡಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ದಂಡಿಗೆ, ಅಂದರೆ ಮದುವೆಯ ಪಲ್ಲಕ್ಕಿ, ಬರುತ್ತದೆ. ಆ ದಂಡಿಗೆಯೇ ನಮ್ಮ ನಾಯಕ.

ಗೆಳತಿಯ ಊರು ಸಾಗರದ ಹತ್ತಿರ. ಅವರ ಮನೆಯ ಒಂದು ಕೋಣೆಯಲ್ಲಿ ಶೂಟಿಂಗ್. ದಪ್ಪ ರಟ್ಟಿಗೆ ಕೆಮ್ಮಣ್ಣು ಬಳಿದು ಹಿನ್ನೆಲೆ ಮಾಡಿದ್ದೇವೆ. ಡ್ರಾಯಿಂಗ್ ಶೀಟ್ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆದು ಗೊಂಬೆ ಕತ್ತರಿಸಿದ್ದೇವೆ. ಅವಳ ಅಜ್ಜಿ ಪುಂಡಿ ನಾರಿನ ಕುಂಚ ಮಾಡಿಕೊಟ್ಟು, ಗೆರೆ ಎಳೆಯುವುದನ್ನು ಕಲಿಸಿದರು. ಫೋನನ್ನು ಮೇಲಿನಿಂದ ನೆಲ ನೋಡುವ ಹಾಗೆ ಕಟ್ಟಿದ್ದೇವೆ. ಗೊಂಬೆಯನ್ನು ಚೂರೇ ಚೂರು ಸರಿಸಿ ಒಂದೊಂದೇ ಫೋಟೋ. ಸೆಕೆಂಡಿಗೆ 12 ಫೋಟೋ, ಅಂದರೆ ಒಟ್ಟು 2160. ಅರ್ಧದಷ್ಟು ಮುಗಿದಿದೆ.

ಈಗ ಸಮಸ್ಯೆ. ಫೋಟೋಗಳನ್ನು ಜೋಡಿಸಿ ಓಡಿಸಿದರೆ ಬೆಳಕು ಮಿಣುಕುತ್ತದೆ. ಕೆಮ್ಮಣ್ಣು ಒಮ್ಮೆ ಕೆಂಪು, ಒಮ್ಮೆ ಕಂದು. ಎರಡನೆಯದು, ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ಚಿತ್ರ ಹೊಂದುವುದಿಲ್ಲ. ಶುರುವಿನಲ್ಲಿ ಸರಿ, ಆಮೇಲೆ ಚಿತ್ರವೇ ಮುಂದೆ ಓಡುತ್ತದೆ. ಮೂರನೆಯದು, ಬೆಳಿಗ್ಗೆ ಹೊತ್ತಿಗೆ ಗೊಂಬೆಗಳ ಅಂಚು ಎದ್ದು ನೆರಳು ಬೀಳುತ್ತದೆ. ಎರಡು ಹಳೇ ಕಾಲದ 100 ವ್ಯಾಟ್ ಬಲ್ಬು ಉರಿಸುತ್ತೇವೆ, ಪಕ್ಕದಲ್ಲಿ ಒಂದು ಕಿಟಕಿ ಇದೆ. ಫೋನ್ ಆಟೋ ಮೋಡ್‌ನಲ್ಲಿದೆ.

ಅಡಿಕೆ ಚೊಗರು

ಎಡಿಟಿಂಗ್‌ನಲ್ಲಿ ಡಿಫ್ಲಿಕರ್ (ಮಿಣುಕು ತೆಗೆಯುವ ಫಿಲ್ಟರ್) ಹಾಕಿ, ಹೋಗುತ್ತದೆ. ಬಲ್ಬಿಗೆ ಒಂದು ವೋಲ್ಟೇಜ್ ಸ್ಟೆಬಿಲೈಸರ್ ತಂದಿಡಿ.

ಕೊಡಚಾದ್ರಿ ಕ್ಯಾಮೆರಾ

ಚೊಗರು ಅವರೇ, ಸ್ವಲ್ಪ ತಡೆಯಿರಿ. ಯಾವ ಕಾರಣಕ್ಕೆ ಮಿಣುಕುತ್ತಿದೆ ಅಂತ ಗೊತ್ತಾಗದೆ ಡಿಫ್ಲಿಕರ್ ಹಾಕಿದರೆ ಈ ಚಿತ್ರ ಇನ್ನೂ ಕೆಡುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತಂಡದವರೇ, ಮೊದಲು ಒಂದು ಖಾಲಿ ಪರೀಕ್ಷೆ ಮಾಡಿ. ಗೊಂಬೆಗಳನ್ನೆಲ್ಲ ತೆಗೆದುಬಿಡಿ, ಬರೀ ಕೆಮ್ಮಣ್ಣಿನ ಹಿನ್ನೆಲೆ ಇರಲಿ. ಫೋನಿನ ಟೈಮರ್ ಇಟ್ಟು ಯಾರೂ ಮುಟ್ಟದೆ 30 ಫೋಟೋ ತೆಗೆಯಲಿ. ಆಮೇಲೆ ಒಂದು ಬಿಳಿ ಹಾಳೆಯನ್ನು ಮಧ್ಯಕ್ಕೆ ತಂದಿಟ್ಟು ಇನ್ನೊಂದು ಹತ್ತು. ಹಾಳೆ ತೆಗೆದು ಮತ್ತೆ ಹತ್ತು. ಎಲ್ಲ ಜೋಡಿಸಿ ಓಡಿಸಿ ನೋಡಿ.

ಬೆಳಕು ನಿಧಾನ ಏರಿ ಇಳಿದರೆ ಕಿಟಕಿ, ಮೋಡ. ದಿಢೀರ್ ಅಂತ ಕುಸಿದು ಎದ್ದರೆ ಕರೆಂಟು. ಬಿಳಿ ಹಾಳೆ ಬಂದಾಗ ಮಾತ್ರ ಹಿನ್ನೆಲೆ ಕಪ್ಪಾದರೆ ಫೋನಿನ ಆಟೋ. ಬೆಳಕು ಹಾಗೇ ಇದ್ದು ಚಿತ್ರದ ಅಂಚು ಅಲುಗಿದರೆ ಫೋಕಸ್, ಇಲ್ಲವೇ ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ). ಒಂದಕ್ಕಿಂತ ಜಾಸ್ತಿ ಕಾರಣ ಸೇರಿಕೊಂಡಿರಬಹುದು. ನನಗೆ ಹಾಗೇ ಅನ್ನಿಸುತ್ತಿದೆ.

ಹಾಗೆಯೇ, ಹಾಡಿಗಿಂತ ಚಿತ್ರ ಒಂದು ನಿಮಿಷಕ್ಕೆ ಎಷ್ಟು ಮುಂದೆ ಹೋಗುತ್ತದೆ ಅಂತಲೂ ಅಳೆದು ಹೇಳಿ.

ಚಿತ್ತಾರ ತಂಡ

ಸರ್, ಪರೀಕ್ಷೆ ಮಾಡಿದೆವು. ನೀವು ಹೇಳಿದ ಹಾಗೆಯೇ ಒಂದಕ್ಕಿಂತ ಜಾಸ್ತಿ ಕಾರಣ ಕಾಣುತ್ತಿದೆ.

ಬಿಳಿ ಹಾಳೆ ಇಟ್ಟ ಕೂಡಲೇ ಸುತ್ತಲಿನ ಕೆಮ್ಮಣ್ಣು ಕಪ್ಪಾಯಿತು, ತೆಗೆದ ಮೇಲೆ ಮತ್ತೆ ಬೆಳಗಿತು. ನಮ್ಮ ಶಾಟ್‌ಗಳಲ್ಲೂ ದಂಡಿಗೆ ಫ್ರೇಮಿಗೆ ಬರುವಾಗ ಹೀಗೇ ಆಗುತ್ತಿದೆ ಅಂತ ಈಗ ಗೊತ್ತಾಯಿತು. ಖಾಲಿ ಹಿನ್ನೆಲೆಯಲ್ಲೂ ಅಲ್ಲಲ್ಲಿ ಎರಡು ಮೂರು ಫೋಟೋ ಒಟ್ಟಿಗೆ ಮಂಕಾಗಿವೆ. ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಮೆಷಿನ್ ಇದೆ, ಈಗ ಕೊಯ್ಲಿನ ಸಮಯ. ಅದು ಶುರುವಾದಾಗಲೆಲ್ಲ ಬಲ್ಬು ಕುಗ್ಗುತ್ತದೆ.

ಚಿತ್ರ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ಮುಂದೆ ಹೋಗುತ್ತದೆ.

ಕೊಡಚಾದ್ರಿ ಕ್ಯಾಮೆರಾ

ಚೆನ್ನಾಗಿ ನೋಡಿದ್ದೀರಿ. ಒಂದೊಂದಾಗಿ ಬಿಡಿಸೋಣ.

ಮೊದಲು ಫೋನ್. ಆಟೋ ಮೋಡ್ ಪ್ರತಿ ಫೋಟೋಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಿಂದಿನ ಫೋಟೋದಲ್ಲಿ ಏನಿತ್ತು ಅನ್ನುವುದು ಅದಕ್ಕೆ ಬೇಕಿಲ್ಲ. ಫ್ರೇಮ್ ತುಂಬ ಗಾಢ ಕೆಂಪು ಇದ್ದಾಗ ಬೆಳಕು ಸಾಲದು ಅಂದುಕೊಂಡು ಹೆಚ್ಚು ತೆರೆಯುತ್ತದೆ. ದೊಡ್ಡ ಬಿಳಿ ದಂಡಿಗೆ ಒಳಗೆ ಬಂದರೆ ಬೆಳಕು ಜಾಸ್ತಿಯಾಯಿತು ಅಂತ ತಗ್ಗಿಸುತ್ತದೆ. ಬಣ್ಣದ ಕಥೆಯೂ ಇಷ್ಟೇ. ಎಲ್ಲೆಲ್ಲೂ ಕೆಂಪೇ ಕಂಡರೆ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ದೀಪದ ಬಣ್ಣ ಅಂತ ತಪ್ಪು ತಿಳಿದು ಕಳೆಯಲು ನೋಡುತ್ತದೆ. ಆಗ ಕೆಮ್ಮಣ್ಣು ಕಂದಾಗುತ್ತದೆ. ಬಿಳಿ ಗೆರೆ ಬಂದ ಮೇಲೆ ಮತ್ತೆ ಕೆಂಪಾಗುತ್ತದೆ. ಹಸೆ ಚಿತ್ತಾರದ ಕೆಂಪು ಬಿಳುಪು ಇಟ್ಟುಕೊಂಡು ಆಟೋದಲ್ಲಿ ತೆಗೆದರೆ ಯಾವ ಫೋನ್ ಆದರೂ ಹೀಗೇ ಮಾಡುತ್ತದೆ.

ಎಲ್ಲ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ಕ್ಕೆ ನಿಲ್ಲಿಸಿ. ವೈಟ್ ಬ್ಯಾಲೆನ್ಸ್‌ಗೆ ಒಂದು ಕೆಲ್ವಿನ್ ಅಂಕಿ (ದೀಪದ ಬಣ್ಣದ ಅಳತೆ) ಕೊಟ್ಟು ಬೀಗ ಹಾಕಿ. ಫೋಕಸ್ ಮ್ಯಾನುವಲ್. ಎಚ್‌ಡಿಆರ್, ಸೀನ್ ಆಪ್ಟಿಮೈಸರ್ ತರಹದ್ದು ಏನಿದ್ದರೂ ಆಫ್ ಮಾಡಿ. ಷಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/10 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/10 ಇಟ್ಟರೆ ಪ್ರತಿ ಫೋಟೋಗೂ ಹತ್ತು ಏರಿಳಿತ ಪೂರ್ತಿ ಸಿಗುತ್ತದೆ, ಎಲ್ಲ ಫೋಟೋಗೂ ಒಂದೇ ಸಮ. 1/500 ಇಟ್ಟರೆ ಆ ಗಳಿಗೆಗೆ ಸಿಕ್ಕಿದ್ದೇ ಬೆಳಕು. ಗೊಂಬೆ ಅಲುಗದೆ ಕೂತಿರುತ್ತದಲ್ಲ, ನಿಧಾನ ಷಟರ್‌ನಿಂದ ತೊಂದರೆ ಏನೂ ಇಲ್ಲ. ಆದರೆ ಪರದೆಯನ್ನು ಬೆರಳಿನಿಂದ ಒತ್ತಬೇಡಿ, ಫೋನ್ ನಡುಗುತ್ತದೆ. ಬ್ಲೂಟೂತ್ ರಿಮೋಟ್ ಇಲ್ಲದಿದ್ದರೆ ತಂತಿಯ ಇಯರ್‌ಫೋನ್ ಚುಚ್ಚಿ, ತುಂಬಾ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಗುಂಡಿಯಿಂದಲೇ ಕ್ಲಿಕ್ ಆಗುತ್ತದೆ.

ಎರಡನೆಯದು ಬಲ್ಬು. ತಂತಿ ಕಾದು ಉರಿಯುವ ಬಲ್ಬಿಗೆ ವೋಲ್ಟೇಜ್ ಅಂದರೆ ಬಹಳ ಸೂಕ್ಷ್ಮ. 230 ವೋಲ್ಟ್ ಇದ್ದದ್ದು 207ಕ್ಕೆ ಇಳಿದರೆ ವೋಲ್ಟೇಜ್ ಕಡಿಮೆಯಾಗಿದ್ದು ಹತ್ತನೇ ಒಂದು ಭಾಗ, ಆದರೆ ಬೆಳಕು ಸುಮಾರು 30 ಶೇಕಡಾ ಹೋಗುತ್ತದೆ. ಜೊತೆಗೆ ಇನ್ನಷ್ಟು ಹಳದಿಯಾಗುತ್ತದೆ. ಸುಲಿಯುವ ಮೆಷಿನ್‌ನ ಮೋಟರ್ ಶುರುವಾಗುವಾಗ ಕರೆಂಟು ಜಾಸ್ತಿ ಎಳೆಯುತ್ತದೆ, ಅದೇ ಲೈನಿನ ನಿಮ್ಮ ಬಲ್ಬು ಕುಗ್ಗುತ್ತದೆ. ಸ್ಟೆಬಿಲೈಸರ್ ಇಲ್ಲಿ ಪರಿಹಾರ ಅಲ್ಲ. ಮನೆಗಳಲ್ಲಿ ಇರುವ ರಿಲೇ ಸ್ಟೆಬಿಲೈಸರ್ ಟಕ್ ಟಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಬದಲಿಸುತ್ತದೆ. ಆ ಜಿಗಿತವೂ ಫೋಟೋದಲ್ಲಿ ಬೀಳುತ್ತದೆ.

ಲೈನನ್ನೇ ಬಿಟ್ಟುಬಿಡಿ. ಪವರ್ ಬ್ಯಾಂಕಿಗೆ ಚುಚ್ಚುವ ಯುಎಸ್‌ಬಿ ಎಲ್‌ಇಡಿ ದೀಪ ಎರಡು ಸಾಕು. ಎಡಕ್ಕೊಂದು, ಬಲಕ್ಕೊಂದು, 45 ಡಿಗ್ರಿ ಓರೆಯಲ್ಲಿ. ಬೆಳಕು ಕಡಿಮೆ ಅನ್ನಿಸಿದರೆ ಷಟರ್ 1/5ಕ್ಕೆ ಇಳಿಸಿ, ಐಎಸ್‌ಒ ಮುಟ್ಟಬೇಡಿ. ಕಿಟಕಿಗೆ ಮನೆಯ ಕರಿ ಕಂಬಳಿ ಎರಡು ಪದರ ಹಾಕಿ. ಮಲೆನಾಡಿನಲ್ಲಿ ಅದಕ್ಕಿಂತ ಒಳ್ಳೆ ಪರದೆ ಬೇರೆ ಬೇಕಾ?

ಇನ್ನೊಂದು. ಶೂಟಿಂಗ್ ಮಾಡುವವರು ಬಿಳಿ ಅಂಗಿ ಹಾಕಬೇಡಿ. ಅಂಗಿಯಿಂದ ಬೆಳಕು ಚಿಮ್ಮಿ ಹಿನ್ನೆಲೆಗೆ ಬೀಳುತ್ತದೆ. ಕ್ಲಿಕ್ ಮಾಡುವಾಗ ಎಲ್ಲರೂ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲಬೇಕು.

ಸಂಕಲನ ಮೇಜು

ಹಾಡಿನ ವಿಷಯ ನಾನು ಹೇಳುತ್ತೇನೆ. ನಿಮ್ಮ ಎಡಿಟಿಂಗ್ ಟೈಮ್‌ಲೈನ್ 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್) ಇದೆ, ಒಂದೊಂದು ಫೋಟೋವನ್ನು ಎರಡೆರಡು ಫ್ರೇಮ್ ಹಿಡಿದಿದ್ದೀರಿ. ಸರಿ ತಾನೇ?

ಚಿತ್ತಾರ ತಂಡ

ಹೌದು ಸರ್! ಅದು ಹೇಗೆ ಗೊತ್ತಾಯಿತು?

ಸಂಕಲನ ಮೇಜು

ನಿಮ್ಮ ಎರಡೂವರೆ ಸೆಕೆಂಡೇ ಹೇಳಿತು. 25ರ ಟೈಮ್‌ಲೈನ್‌ನಲ್ಲಿ ಫೋಟೋಗೆ ಎರಡು ಫ್ರೇಮ್ ಕೊಟ್ಟರೆ ಸೆಕೆಂಡಿಗೆ ಹನ್ನೆರಡೂವರೆ ಫೋಟೋ ಓಡುತ್ತದೆ. ನೀವು ತೆಗೆದದ್ದು 12ರ ಲೆಕ್ಕದಲ್ಲಿ. ಒಂದು ನಿಮಿಷಕ್ಕೆ ಅಂತ ತೆಗೆದ 720 ಫೋಟೋ 57.6 ಸೆಕೆಂಡಿಗೇ ಮುಗಿದುಹೋಗುತ್ತದೆ. ವ್ಯತ್ಯಾಸ 2.4 ಸೆಕೆಂಡ್.

ಹಾಡನ್ನು ಎಳೆಯಲು ಹೋಗಬೇಡಿ, ದನಿ ಕೆಡುತ್ತದೆ. 24 ಎಫ್‌ಪಿಎಸ್‌ನ ಹೊಸ ಟೈಮ್‌ಲೈನ್ ತೆರೆದು ಫೋಟೋಗಳನ್ನು ಎರಡೆರಡು ಫ್ರೇಮ್‌ಗೆ ಹಾಕಿ. ಟೈಮ್‌ಲೈನಿನ ವೇಗವನ್ನು ಕ್ಲಿಪ್ ಹಾಕುವ ಮೊದಲೇ ಆರಿಸಬೇಕು, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಆಮೇಲೆ ಬದಲಿಸಲು ಬಿಡುವುದಿಲ್ಲ. ದುಡ್ಡು ಕೊಡುವ ಅಗತ್ಯವೂ ಇಲ್ಲ. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಉಚಿತ, ಅದರ ವಿಡಿಯೊ ಎಡಿಟರ್‌ನಲ್ಲಿ ಇಮೇಜ್ ಸೀಕ್ವೆನ್ಸ್ (ಫೋಟೋಗಳ ಸಾಲು) ನೇರವಾಗಿ ಹಾಕಬಹುದು.

ಫೋಟೋಗಳ ಹೆಸರು ಒಂದೇ ಸರಣಿಯಲ್ಲಿ ಇರಲಿ. ನಡುವೆ ಒಂದು ಅಂಕಿ ತಪ್ಪಿದರೂ ಎಷ್ಟೋ ಸಾಫ್ಟ್‌ವೇರ್‌ಗಳು ಸೀಕ್ವೆನ್ಸ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತವೆ. ಶಾಟ್‌ಗೊಂದು ಫೋಲ್ಡರ್ ಮಾಡಿ, ಬೇಡದ ಫೋಟೋ ತೆಗೆದ ಮೇಲೆ 0001ರಿಂದ ಮರುಹೆಸರಿಡಿ. ಮೂಲ ಫೋಟೋಗಳ ಒಂದು ಪ್ರತಿ ಬೇರೆ ಕಡೆ ಭದ್ರವಾಗಿರಲಿ.

ಹೊಳೆಬದಿ

ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಗೊಂಬೆ ಸುರುಳುವುದಕ್ಕೆ ಕಾರಣ ಬರೀ ಇಬ್ಬನಿಯಲ್ಲ. ಒಂದೇ ಮೈಗೆ ಬಣ್ಣ ಬಳಿದಿದ್ದೀರಿ ಅಲ್ವಾ? ನೀರಿನ ಬಣ್ಣ ಒಣಗುವಾಗ ಕಾಗದವನ್ನು ತನ್ನ ಕಡೆ ಎಳೆಯುತ್ತದೆ. ಹಿಂದಿನ ಮೈ ಬೋಳಾಗಿದ್ದರೆ ಅದು ಬೆಳಗಿನ ತೇವ ಹೀರಿ ಹಿಗ್ಗುತ್ತದೆ. ಎರಡೂ ಸೇರಿ ಅಂಚು ಏಳುತ್ತದೆ. ಹಿಂದಕ್ಕೂ ಅಷ್ಟೇ ದಪ್ಪ ಬಣ್ಣ ಕೊಡಿ, ಎಳೆತ ಎರಡೂ ಕಡೆ ಸಮ ಆಗುತ್ತದೆ. ಒಣಗಿದ ಮೇಲೆ ರಾತ್ರಿಯೆಲ್ಲ ದಪ್ಪ ಪುಸ್ತಕದ ಅಡಿ ಇಡಿ.

ಅಕ್ಕಿ ಹಿಟ್ಟಿನ ಬಿಳಿ ಗೋಡೆಗೆ ಚಂದ. ಆದರೆ ಪದೇ ಪದೇ ಕೈ ತಾಗುವ ಗೊಂಬೆಯಲ್ಲಿ ಅದು ಪುಡಿ ಉದುರಿಸುತ್ತದೆ. ಆ ಪುಡಿ ಕೆಮ್ಮಣ್ಣಿನ ಮೇಲೆ ಬಿದ್ದು ಫೋಟೋದಿಂದ ಫೋಟೋಗೆ ಜಾಗ ಬದಲಿಸುತ್ತದೆ, ಓಡಿಸಿದಾಗ ಹಿನ್ನೆಲೆ ಗುಜುಗುಜು ಅನ್ನಿಸುತ್ತದೆ. ಹಿಟ್ಟಿಗೆ ಸ್ವಲ್ಪ ಫೆವಿಕಾಲ್ ಕಲೆಸಿ, ಗೆರೆ ಹಿಡಿದು ನಿಲ್ಲುತ್ತದೆ. ಸುಟ್ಟ ಅಕ್ಕಿಯ ಕಪ್ಪಿಗೂ ಹಾಗೇ ಮಾಡಿ.

ಅಜ್ಜಿ ಹತ್ತಿರ ಕೂತು ಗೆರೆ ಕಲಿತಿರಿ ಅಂತ ಓದಿ ಬಹಳ ಖುಷಿಯಾಯಿತು. ಚಿತ್ರದ ಕೊನೆಯಲ್ಲಿ ಅವರ ಹೆಸರು ತಂಡದ ಜೊತೆಗೇ ಬರಲಿ, ಸುಮ್ನೆ ಧನ್ಯವಾದದ ಪಟ್ಟಿಯಲ್ಲಿ ಅಲ್ಲ.

ಚಿತ್ತಾರ ತಂಡ

ಖಂಡಿತ ಅಕ್ಕಾ. ‘ಚಿತ್ತಾರ’ ಅನ್ನುವ ಶೀರ್ಷಿಕೆಯಡಿ ಅವರ ಹೆಸರೇ ಮೊದಲು ಹಾಕುತ್ತೇವೆ.

ಪವರ್ ಬ್ಯಾಂಕ್ ದೀಪ, ಕಂಬಳಿ, ಪ್ರೊ ಮೋಡ್ ಎಲ್ಲ ಮಾಡಿ ಖಾಲಿ ಪರೀಕ್ಷೆ ಮತ್ತೆ ನಡೆಸಿದೆವು. ಮೆಷಿನ್ ಓಡುತ್ತಿದ್ದರೂ ಹಿನ್ನೆಲೆ ಒಂದಿಷ್ಟೂ ಕದಲಲಿಲ್ಲ. ಬಿಳಿ ಹಾಳೆ ಇಟ್ಟರೂ ಕೆಂಪು ಹಾಗೇ ನಿಂತಿತು. ಹಾಡೂ 24ರ ಟೈಮ್‌ಲೈನ್‌ನಲ್ಲಿ ಸರಿಯಾಗಿ ಕೂತಿತು.

ಉಳಿದ ಪ್ರಶ್ನೆ ಒಂದೇ. ಈಗಾಗಲೇ ತೆಗೆದ ಅರ್ಧ ಚಿತ್ರ ಏನು ಮಾಡುವುದು? ಇಬ್ಬರು ಎಲ್ಲ ಮತ್ತೆ ತೆಗೆಯೋಣ ಅನ್ನುತ್ತಿದ್ದಾರೆ, ಇಬ್ಬರು ಡಿಫ್ಲಿಕರ್ ಸಾಕು ಅನ್ನುತ್ತಿದ್ದಾರೆ. ಇನ್ನೊಂದು, ಹೊಳೆ ದಾಟುವ ಶಾಟ್‌ನಲ್ಲಿ ದಂಡಿಗೆಯ ನಡಿಗೆ ಮಧ್ಯದಲ್ಲಿ ಬದಲಾಗುತ್ತದೆ. ಊಟದ ನಂತರ ಬೇರೆಯವರು ಸರಿಸಿದ್ದು.

ಕೊಡಚಾದ್ರಿ ಕ್ಯಾಮೆರಾ

ಎಲ್ಲ ಮತ್ತೆ ತೆಗೆಯುವುದು ಬೇಡ, ಎಲ್ಲ ಹಾಗೇ ಬಿಡುವುದೂ ಬೇಡ. ಶಾಟ್‌ಗಳನ್ನು ಎರಡು ಗುಂಪು ಮಾಡಿ.

ಡಿಫ್ಲಿಕರ್ ಸಾಮಾನ್ಯವಾಗಿ ಇಡೀ ಫ್ರೇಮಿನ ಸರಾಸರಿ ಬೆಳಕನ್ನು ಅಕ್ಕಪಕ್ಕದ ಫ್ರೇಮ್‌ಗಳ ಜೊತೆ ಹೋಲಿಸಿ ಸರಿಮಾಡುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅದೇ ಹೆಸರಿನ ಫಿಲ್ಟರ್ ಇದೆ, ತಾನಾಗಿ 5 ಫ್ರೇಮ್‌ಗಳ ಲೆಕ್ಕ ಹಿಡಿಯುತ್ತದೆ. ಹೊಳೆ, ಮಳೆ, ಮರದ ಶಾಟ್‌ಗಳಲ್ಲಿ ಬಿಳಿಯ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮೆಷಿನ್‌ನಿಂದ ಆದ ಕುಸಿತ ಅಲ್ಲಿ ಚೆನ್ನಾಗಿ ಮುಚ್ಚಿಹೋಗುತ್ತದೆ. ಮಂಕಾದ ಫೋಟೋ ಜಾಸ್ತಿ ಸಾಲಾಗಿದ್ದರೆ ಫ್ರೇಮ್ ಲೆಕ್ಕವನ್ನು 5ರಿಂದ ಮೇಲಕ್ಕೆ ಏರಿಸಿ ನೋಡಿ.

ದಂಡಿಗೆ ಒಳಗೆ ಬರುವ, ಹೊರಗೆ ಹೋಗುವ ಶಾಟ್‌ಗಳು ಬೇರೆ. ಅಲ್ಲಿ ಸರಾಸರಿ ಬದಲಾಗುವುದು ದಂಡಿಗೆಯ ಬಿಳಿಯಿಂದಲೂ ಹೌದು. ಅದು ಚಿತ್ರದಲ್ಲಿ ಇರಬೇಕಾದ ಬದಲಾವಣೆ ಅಂತ ಫಿಲ್ಟರಿಗೆ ತಿಳಿಯುವುದಿಲ್ಲ. ಅದನ್ನೂ ಅಳಿಸಲು ಹೋಗಿ ಕೆಮ್ಮಣ್ಣನ್ನು ಇನ್ನೊಂದು ರೀತಿ ಮಿಣುಕಿಸುತ್ತದೆ. ನಾನು ಮೊದಲು ಬೇಡ ಅಂದದ್ದು ಇದಕ್ಕೇ. ಅವನ್ನು ಮತ್ತೆ ತೆಗೆಯಿರಿ. ನಿಮ್ಮ ಚಿತ್ರದ ಜೀವವೇ ದಂಡಿಗೆ, ಅದಕ್ಕೆ ಆ ಶ್ರಮ ಸಲ್ಲುತ್ತದೆ.

ನಡಿಗೆಯ ವಿಷಯಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ಒಬ್ಬರು ಎರಡು ಮಿಲಿಮೀಟರ್ ಸರಿಸಿದರೆ ಇನ್ನೊಬ್ಬರು ಮೂರು ಸರಿಸುತ್ತಾರೆ, ಅಷ್ಟಕ್ಕೇ ಭಾರ ಹೊತ್ತವರ ನಡಿಗೆ ಹಗುರಾಗಿ ಕಾಣುತ್ತದೆ. ಒಂದು ಶಾಟ್‌ಗೆ ಒಂದೇ ಕೈ. ಊಟ ತಡವಾದರೂ ಪರವಾಗಿಲ್ಲ. ಉಳಿದವರಲ್ಲಿ ಒಬ್ಬರು ಕ್ಲಿಕ್, ಒಬ್ಬರು ನೋಟ್‌ಬುಕ್. ಶಾಟ್ ಸಂಖ್ಯೆ, ಮೊದಲ ಮತ್ತು ಕೊನೆಯ ಫೋಟೋದ ಅಂಕಿ, ಷಟರ್, ಕೆಲ್ವಿನ್, ದೀಪ ಇಟ್ಟ ಜಾಗ, ಗೊಂಬೆ ಸರಿಸಿದವರ ಹೆಸರು, ಇಷ್ಟು ಬರೆದಿಡಲಿ. ದೀಪದ ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿ, ಮರುದಿನ ಅದೇ ಗುರುತಿಗೆ ಇಡಬಹುದು.

ಅಡಿಕೆ ಚೊಗರು

ಸ್ಟೆಬಿಲೈಸರ್ ವಿಷಯ ಹೊಸದಾಗಿ ತಿಳಿಯಿತು, ಒಳ್ಳೆಯದಾಯಿತು. ಒಂದು ಮಾತು ಮಾರಾಯ್ರೆ, ಪವರ್ ಬ್ಯಾಂಕ್ ಚಾರ್ಜ್ ಪೂರ್ತಿ ಇಳಿಯುವ ತನಕ ಬಳಸಬೇಡಿ. ಶಾಟ್ ಮಧ್ಯದಲ್ಲಿ ದೀಪ ಹೋದರೆ ಕಷ್ಟ. ಎರಡು ಇಟ್ಟುಕೊಂಡು ಶಾಟ್ ಮುಗಿದಾಗಲೇ ಬದಲಿಸಿ.

ಚಿತ್ತಾರ ತಂಡ

ಗೆಳತಿಯ ಅಪ್ಪನ ಹತ್ತಿರ ಇನ್ನೊಂದು ಪವರ್ ಬ್ಯಾಂಕ್ ಇದೆ, ಕೇಳಿದ್ದೇವೆ. ದಂಡಿಗೆಯ ಶಾಟ್‌ಗಳನ್ನು ನಾಳೆಯಿಂದ ಮತ್ತೆ ಶುರು ಮಾಡುತ್ತೇವೆ, ಸರಿಸುವುದು ಪೂರ್ತಿ ಒಬ್ಬಳೇ. ಹೊಳೆಯ ಶಾಟ್‌ಗಳಿಗೆ ಡಿಫ್ಲಿಕರ್ 5 ಫ್ರೇಮ್‌ಗೆ ಹಾಕಿ ನೋಡಿದೆವು, ಒಂದು ಬಿಟ್ಟು ಎಲ್ಲ ಸರಿಯಾಯಿತು. ಆ ಒಂದಕ್ಕೆ 15 ಕೊಟ್ಟ ಮೇಲೆ ಅದೂ ಸರಿಹೋಯಿತು.